ಮಲೆನಾಡಿನ ಒಲೆಯೂ ಕೆಂಡದ ಕೋಲೂ

ನಗರವಾಸಿಗಳಾದ ನಮ್ಮ ಮಕ್ಕಳಿಗೆ ಕೆಂಡದ ಪರಿಚಯವಾಗುವುದು ಬಹುಮಟ್ಟಿಗೆ ಮಾತಿನ ಮೂಲಕವೇ. ಸಿಟ್ಟಿಗೆದ್ದ ತಂದೆ ‘ಕೆಂಡಾಮಂಡಲ’ವಾಗುತ್ತಾರೆ. ಒಳಗೊಳಗೇ ಕುದಿಯುವ ನೆಂಟರು ‘ಬೂದಿ ಮುಚ್ಚಿದ ಕೆಂಡ’ವಾಗುತ್ತಾರೆ. ಹೂವಿನಂಗಡಿಯಲ್ಲಿ ಕೆಂಡಸಂಪಿಗೆ ಸಿಕ್ಕುತ್ತದೆ. ಆದರೆ ನಿಜವಾದ ಕೆಂಡವನ್ನು ಕಣ್ಣಾರೆ ಕಾಣಬೇಕಾದರೆ ಬೀದಿಯ ತಿರುವಿನಲ್ಲಿ ತಳ್ಳುಗಾಡಿಯ ಮುಂದೆ ನಿಂತು ಬಟ್ಟೆಗೆ ಇಸ್ತ್ರಿ ಹಾಕುವವನ ಬಳಿಗೇ ಹೋಗಬೇಕು. ಅಲ್ಲಿಯೂ ಈಗ ಇದ್ದಲಿನ ಪೆಟ್ಟಿಗೆಯ ಸ್ಥಾನಕ್ಕೆ ಅನಿಲದ ಪೆಟ್ಟಿಗೆ ಬರುತ್ತಿದೆ. ಅಡುಗೆಮನೆಯಲ್ಲಂತೂ ಬೆಂಕಿಯೆಂಬುದು ತಿರುಪಿಗೆ ಕಟ್ಟುಬಿದ್ದ ಸೇವಕ. ಎಡಕ್ಕೆ ತಿರುಗಿಸಿದರೆ ಬರುತ್ತದೆ, ಬಲಕ್ಕೆ ತಿರುಗಿಸಿದರೆ ಹೋಗುತ್ತದೆ. ಹೋದ ಮೇಲೆ ಅದರ ಗುರುತೂ ಉಳಿಯುವುದಿಲ್ಲ.

ಬೆಂಕಿಯನ್ನು ಹೀಗೆ ಆಳದೆ, ಹಸುಕರುವಿನಂತೆ ಸಾಕುವ ನಾಡೊಂದನ್ನು ನೋಡಬೇಕೆನಿಸಿದವರು ಶಿವಮೊಗ್ಗೆಯಲ್ಲಿ ತೀರ್ಥಹಳ್ಳಿಯ ಬಸ್ಸನ್ನು ಹತ್ತಬೇಕು. ಸುಮಾರು 60 ಕಿಲೋಮೀಟರಿನ ದಾರಿ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಬಿಡಾರ, ಹೊಳೆಯ ನಡುವಣ ಮರಗಳಲ್ಲಿ ಹಕ್ಕಿಗಳು ಗೂಡುಕಟ್ಟುವ ಮಂಡಗದ್ದೆ, ಇವನ್ನೆಲ್ಲ ತೋರಿಸುತ್ತ ತುಂಗೆ ಪ್ರಯಾಣಿಕನಿಗೆ ಬಹುದೂರ ಜೊತೆಗೊಡುತ್ತಾಳೆ. ಬಯಲುಸೀಮೆಯ ಕಣ್ಣಿಗೆ ಮೊದಲು ಬೀಳುವುದು ಹಸುರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಇನ್ನೊಂದನ್ನು ಗುರುತಿಸುತ್ತದೆ. ಅಡಿಕೆಯ ತೋಟದ ಮಗ್ಗುಲಿಗೆ ಒಂಟಿಯಾಗಿ ನಿಂತ ಹಂಚಿನ ಮನೆ, ಅದರ ಹಿಂಬದಿಗೆ ಆತುಕೊಂಡ ಸೌದೆಯ ಕೊಟ್ಟಿಗೆ, ಹಂಚಿನ ಸಂದುಗಳಿಂದ ಹೊರಟು ಮಳೆಯ ಹನಿಗಳ ನಡುವೆ ದಾರಿ ಹುಡುಕುವ ನೀಲಿಬಣ್ಣದ ಹೊಗೆ.

ಆ ಹೊಗೆಯ ಬುಡದಲ್ಲಿ ಏನಿದೆಯೆಂದು ನೋಡಹೋದವನಿಗೆ ಒಲೆಗಿಂತ ಮೊದಲು ಕಾಣುವುದು ಒಲೆಯ ಪರಿವಾರ. ಒಲೆಕಟ್ಟೆಯ ಮೂಲೆಯಲ್ಲಿ ಗೋಡೆಗೆ ಒರಗಿಕೊಂಡು, ಮೈಯೆಲ್ಲ ಮಸಿ ಬಳಿದುಕೊಂಡು ನಿಂತ ನಾಲ್ಕಾರು ವಸ್ತುಗಳು ಅಲ್ಲಿರುತ್ತವೆ. ಒಂದು ತುಂಡು ಬಿದಿರು, ಒಂದು ಮುರಿದ ಕೊಡೆಯ ಕಾವು, ಒಂದು ಬಗ್ಗಿದ ಕಬ್ಬಿಣದ ಪಟ್ಟಿ, ಒಂದು ಒಡೆದ ಹಂಚು, ಒಂದು ಅಡಿಕೆ ಹಾಳೆಯ ಚೂರು. ಇವುಗಳಲ್ಲಿ ಯಾವುದನ್ನೂ ಯಾರೂ ಅಂಗಡಿಯಿಂದ ಕೊಂಡು ತಂದಿರುವುದಿಲ್ಲ. ಆದರೂ ಒಂದು ಕಾಲಕ್ಕೆ ಆ ಮನೆಯ ಊಟವೂ ಸ್ನಾನವೂ ಬಾಣಂತನವೂ ಇವುಗಳ ಆಸರೆಯಿಂದಲೇ ನಡೆಯುತ್ತಿದ್ದವು.

ಕೆಂಡಕ್ಕೆ ಈ ನಾಡಿನಲ್ಲಿ ಇಷ್ಟು ಮರ್ಯಾದೆ ಏಕೆಂಬುದಕ್ಕೆ ಮಳೆಯೇ ಉತ್ತರ. ತೀರ್ಥಹಳ್ಳಿಯಿಂದ ಮುಂದೆ ಮೂವತ್ತು ಕಿಲೋಮೀಟರು ಕಳೆದರೆ ಸಿಕ್ಕುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಇಂಥ ಸೀಮೆಯಲ್ಲಿ ಆಷಾಢ ಶ್ರಾವಣಗಳ ಗಾಳಿಯೇ ಒದ್ದೆ. ಬೇಸಗೆಯಲ್ಲಿಯೇ ಒಡೆದು, ಒಣಗಿಸಿ, ಒಟ್ಟಿಟ್ಟ ಸೌದೆಯೂ ಆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒದ್ದೆ ಸೌದೆಯನ್ನು ಒಲೆಗೆ ಹಾಕಿದರೆ ಬೆಂಕಿಯ ಶಾಖದ ಒಂದು ಪಾಲು ಆ ನೀರನ್ನು ಆವಿಮಾಡುವುದಕ್ಕೇ ಖರ್ಚಾಗಿಹೋಗುತ್ತದೆ. ಉರಿ ಏಳುವುದಿಲ್ಲ, ಹೊಗೆ ಮಾತ್ರ ಏಳುತ್ತದೆ. ಆದುದರಿಂದಲೇ ಮಲೆನಾಡಿನ ಗೃಹಿಣಿಗೆ ಹೊಸದಾಗಿ ಬೆಂಕಿ ಹೊತ್ತಿಸುವುದಕ್ಕಿಂತ ಇದ್ದ ಬೆಂಕಿಯನ್ನು ಆರದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು.

ಅದನ್ನು ಆಕೆ ಮಾಡುತ್ತಿದ್ದ ಬಗೆ ಬಹು ಸರಳ. ರಾತ್ರಿಯ ಅಡುಗೆ ಮುಗಿದ ಮೇಲೆ ಕೊಳ್ಳಿಗಳನ್ನು ಹೊರಗೆಳೆದು ಆರಿಸುವುದು. ಒಲೆಯೊಳಗೆ ಉಳಿದ ದಪ್ಪ ಕೆಂಡಗಳನ್ನು ಒಂದೆಡೆಗೆ ಗುಡ್ಡೆಮಾಡುವುದು. ಅದರ ಮೇಲೆ ನಯವಾದ ಬೂದಿಯನ್ನು ದಪ್ಪವಾಗಿ ಹೊದಿಸುವುದು. ಬೂದಿ ಎರಡು ಉಪಕಾರ ಮಾಡುತ್ತದೆ. ತಾನು ಉರಿಯದ ವಸ್ತುವಾದುದರಿಂದ ಕಂಬಳಿಯಂತೆ ಶಾಖವನ್ನು ಒಳಗೇ ತಡೆಯುತ್ತದೆ. ಗಾಳಿಯನ್ನು ಹನಿಹನಿಯಾಗಿ ಮಾತ್ರ ಒಳಗೆ ಬಿಡುತ್ತದೆ. ಗಾಳಿ ಸಿಕ್ಕದೆ ಕೆಂಡ ಸಾಯುವುದಿಲ್ಲ, ಗಾಳಿ ಹೆಚ್ಚಾಗಿ ಸುಟ್ಟುಹೋಗುವುದೂ ಇಲ್ಲ. ಬೆಳಗಿನ ಜಾವ ಬೂದಿಯನ್ನು ಸರಿಸಿದರೆ ಗೋಲಿಯಷ್ಟು ಕೆಂಪು ಉಳಿದಿದ್ದರೂ ಸಾಕು, ತೆಂಗಿನ ನಾರನ್ನೋ ಒಣ ದರಕನ್ನೋ ಮೇಲಿಟ್ಟು ಊದಿದರೆ ಹೊಸ ದಿನ ಹೊತ್ತಿಕೊಳ್ಳುತ್ತಿತ್ತು. ‘ಬೂದಿ ಮುಚ್ಚಿದ ಕೆಂಡ’ವೆಂದು ಇಂದು ನಾವು ಹಗೆತನಕ್ಕೆ ಹೇಳುವ ಮಾತು ಮೊದಲಿಗೆ ಇಂಥ ಗೃಹಕೃತ್ಯದಿಂದಲೇ ಬಂದಿರಬೇಕು.

ಬೆಂಕಿಕಡ್ಡಿ ಬಂದು ಇನ್ನೂ ಎರಡು ನೂರು ವರ್ಷ ತುಂಬಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಜಾನ್ ವಾಕರ್ ಎಂಬ ಔಷಧ ವ್ಯಾಪಾರಿ ಉಜ್ಜಿದರೆ ಹೊತ್ತಿಕೊಳ್ಳುವ ಕಡ್ಡಿಯನ್ನು ಮಾರತೊಡಗಿದುದು 1827ರಲ್ಲಿ. ಅದಕ್ಕೆ ಮೊದಲು ಒಲೆ ಆರಿದ ಮನೆಯವರು ನೆರೆಮನೆಗೆ ಹೋಗಿ ಕೆಂಡ ಕೇಳಿ ತರುವುದೇ ಸುಲಭದ ಹಾದಿಯಾಗಿತ್ತು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ, ತನ್ನ ಅಗ್ಗಿಷ್ಟಿಕೆಯ ಬೆಂಕಿಯಿಲ್ಲದಿದ್ದರೆ ಊರವರಿಗೆ ಅಡುಗೆಯಿಲ್ಲವೆಂದು ನಂಬಿ, ಎರಡನ್ನೂ ಎತ್ತಿಕೊಂಡು ಕಾಡಿಗೆ ಹೊರಟ ಜಂಬದ ಮುದುಕಿಯ ಕಥೆಯನ್ನು ಕನ್ನಡದ ಮಕ್ಕಳೆಲ್ಲ ಕೇಳಿದ್ದಾರೆ. ಮುದುಕಿಯ ಜಂಬ ನಗೆಪಾಟಲಿಗೆ ಈಡಾಯಿತು, ನಿಜ. ಆದರೆ ಊರವರು ಬೆಂಕಿಗಾಗಿ ಆಕೆಯ ಬಾಗಿಲಿಗೆ ಬರುತ್ತಿದ್ದರೆಂಬ ಮಾತು ಮಾತ್ರ ಹಾಸ್ಯವಲ್ಲ. ಅದು ಅಂದಿನ ಬಾಳಿನ ಸತ್ಯ.

ಕೆಂಡವನ್ನು ಮನೆಯಿಂದ ಮನೆಗೆ ಸಾಗಿಸುವುದಕ್ಕೆ ಪಾತ್ರೆ ಬೇಕಷ್ಟೆ? ಲೋಹದ ಪಾತ್ರೆ ಕೈ ಸುಡುತ್ತದೆ, ಮರದ ಪಾತ್ರೆ ತಾನೇ ಹೊತ್ತುತ್ತದೆ. ಬಯಲುಸೀಮೆಯವರು ಒಂದು ಬೆರಣಿಯ ಅಂಚಿಗೆ ಕಿಡಿ ತಗುಲಿಸಿಕೊಂಡು ಹೊಗೆಯಾಡಿಸುತ್ತ ಬರುತ್ತಿದ್ದರು. ಮಲೆನಾಡು ಕರಾವಳಿಗಳಲ್ಲಿ ತೆಂಗಿನ ಗರಟೆಯೊಳಗೆ ಬೂದಿ ಹಾಸಿ ಅದರ ಮೇಲೆ ಕೆಂಡವಿಡುವುದುಂಟು. ಗರಟೆಗೂ ಮಿಗಿಲಾದ ಉಪಾಯವೊಂದು ಮೇಲಿನ ಮಾಡಿನಿಂದಲೇ ಇಳಿದು ಬಂತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಆ ಕೆಂಪು ಹಂಚು ಘಟ್ಟ ಹತ್ತಿ ಹುಲ್ಲು ಸೋಗೆಗಳ ಮಾಡನ್ನು ಬದಲಿಸತೊಡಗಿತು. ಹಂಚು ಬಂದಲ್ಲಿ ಒಡೆದ ಹಂಚೂ ಇದ್ದೇ ಇರುತ್ತದೆ. ಮಂಗ ಹಾರಿದರೂ ಒಡೆಯುತ್ತದೆ, ತೆಂಗಿನಕಾಯಿ ಬಿದ್ದರೂ ಒಡೆಯುತ್ತದೆ. ಅಂಗೈಯಗಲದ ಒಂದು ಚೂರನ್ನು, ಅದರ ಅಂಚಿನ ಏಣು ಉಳಿಯುವಂತೆ ಆರಿಸಿಕೊಂಡರೆ ಕೆಂಡ ಹೊರುವುದಕ್ಕೆ ಅದಕ್ಕಿಂತ ಒಳ್ಳೆಯ ತಟ್ಟೆಯಿಲ್ಲ. ಆವಿಗೆಯ ಬೆಂಕಿಯಲ್ಲಿ ಬೆಂದು ಬಂದ ಮಣ್ಣು ಒಲೆಯ ಬೆಂಕಿಗೆ ಹೆದರೀತೆ? ಒಂದು ತುದಿಯಲ್ಲಿ ಕೆಂಡ ಕೆಂಪಾಗಿದ್ದರೂ ಇನ್ನೊಂದು ತುದಿಯನ್ನು ಹಿಡಿದ ಕೈಗೆ ಬಿಸಿ ಮುಟ್ಟಲು ಸಾಕಷ್ಟು ಹೊತ್ತು ಬೇಕು. ಏಣಿನಿಂದಾಗಿ ಕೆಂಡ ಉರುಳುವುದೂ ಇಲ್ಲ.

ಪರಿವಾರದಲ್ಲಿ ಹಿರಿಯ ಸ್ಥಾನ ಸಲ್ಲುವುದು ಊದುಗೊಳವೆಗೆ. ಮೊಳಕ್ಕೆ ಮಿಗಿಲಾದ ಉದ್ದದ ಒಂದು ಬಿದಿರನ್ನು ಒಂದು ತುದಿಯಲ್ಲಿ ಗಿಣ್ಣು ಉಳಿಯುವಂತೆ ಕಡಿಯಬೇಕು. ಕಾಸಿದ ಕಂಬಿಯಿಂದ ಆ ಗಿಣ್ಣಿಗೆ ಒಂದು ಸಣ್ಣ ತೂತು ಕೊರೆಯಬೇಕು. ಇಷ್ಟೇ ಅದರ ಶಿಲ್ಪ. ಆದರೆ ಈ ಸಣ್ಣ ತೂತಿನಲ್ಲಿ ದೊಡ್ಡ ವಿವೇಕವಿದೆ. ಬಾಯಿಯಿಂದ ನೇರವಾಗಿ ಊದಿದರೆ ಗಾಳಿ ಅಗಲವಾಗಿ ಹರಡಿ ಬೂದಿಯನ್ನು ಕಣ್ಣಿಗೆರಚುತ್ತದೆ. ಮುಖವನ್ನು ಉರಿಯ ಹತ್ತಿರಕ್ಕೆ ಒಯ್ಯಬೇಕಾಗುತ್ತದೆ. ಕೊಳವೆಯ ಕಿರಿದಾದ ಬಾಯಿಂದ ಹೊರಟ ಉಸಿರು ವೇಗವಾಗಿ, ನೇರವಾಗಿ, ಬೇಕಾದ ಒಂದೇ ಕೆಂಡಕ್ಕೆ ಹೋಗಿ ತಾಗುತ್ತದೆ. ಊದುವವಳ ಮುಖ ಒಂದು ಮೊಳ ದೂರದಲ್ಲಿ ಸುರಕ್ಷಿತವಾಗಿರುತ್ತದೆ. ಬಿದಿರು ಸುಟ್ಟು ಮೋಟಾದಾಗ ಇನ್ನೊಂದು ಬಿದಿರು. ನಲ್ಲಿಗಳು ಬಂದ ಮೇಲೆ ನೀರಿನ ಕೊಳಾಯಿಯ ಒಂದು ತುಂಡು ಅದರ ಜಾಗಕ್ಕೆ ಬಂದು ನಿಂತಿತು. ಅನುಕೂಲಸ್ಥರ ಮನೆಗಳಲ್ಲಿ ಹಿತ್ತಾಳೆಯ ಊದುಗೊಳವೆಯೂ ಉಂಟು. ಆದರೆ ಕೆಲಸದಲ್ಲಿ ಅದು ಬಿದಿರಿನ ಕೊಳವೆಯನ್ನು ಮೀರಿಸುವುದಿಲ್ಲ.

ಊದುವುದಕ್ಕೂ ಒಂದು ಕ್ರಮವಿದೆ. ಹೊಸದಾಗಿ ಒಲೆಯ ಮುಂದೆ ಕುಳಿತ ಹುಡುಗಿ ಜ್ವಾಲೆಯನ್ನೇ ಗುರಿಯಿಟ್ಟು ಊದುತ್ತಾಳೆ. ಇದ್ದ ಜ್ವಾಲೆಯೂ ಆರುತ್ತದೆ. ಆಗ ಹಿಂದಿನಿಂದ ಅಜ್ಜಿಯ ದನಿ ಕೇಳಿಬರುತ್ತದೆ: “ಉರಿಗಲ್ಲ ಕಣೇ, ಬುಡಕ್ಕೆ ಊದು. ಮೊದಲು ಬೂದಿ ಕೆದರು.” ಈ ಎರಡು ಮಾತುಗಳಲ್ಲಿ ಬೆಂಕಿಯ ಶಾಸ್ತ್ರವೆಲ್ಲ ಅಡಗಿದೆ. ಸೌದೆ ಕಾದಾಗ ಅದರೊಳಗಿಂದ ಹೊರಡುವ ಅನಿಲಗಳು ಉರಿಯುವುದೇ ಜ್ವಾಲೆ. ಅನಿಲವೆಲ್ಲ ಹೋದ ಮೇಲೆ ಉಳಿಯುವ ಇಂಗಾಲ ತನ್ನ ಮೈಮೇಲೆ ತಾನೇ ಉರಿಯುವುದೇ ಕೆಂಡ. ಆ ಮೈಗೆ ಬೂದಿ ಅಂಟಿದ್ದರೆ ಗಾಳಿ ತಾಗುವುದಿಲ್ಲ. ಬೂದಿ ಸರಿಸಿ ಗಾಳಿ ಕೊಟ್ಟೊಡನೆ ಮಂದಗೆಂಪಾಗಿದ್ದ ಕೆಂಡ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಮಂದಗೆಂಪೆಂದರೆ ಸುಮಾರು 600ರಿಂದ 700 ಡಿಗ್ರಿ ಸೆಲ್ಸಿಯಸ್. ಕಿತ್ತಳೆಯೆಂದರೆ 900 ಡಿಗ್ರಿಗೂ ಮೇಲೆ. ಅಜ್ಜಿಗೆ ಅಂಕಿಗಳು ತಿಳಿಯವು. ಆದರೆ ಯಾವ ಬಣ್ಣಕ್ಕೆ ಹಾಲಿಡಬೇಕು, ಯಾವ ಬಣ್ಣಕ್ಕೆ ಹಪ್ಪಳ ಒಡ್ಡಬೇಕೆಂಬುದು ಚೆನ್ನಾಗಿ ತಿಳಿದಿದೆ.

ಕೆದರುವ ಕೋಲಿನ ವಿಷಯಕ್ಕೆ ಬಂದರೆ ಮನೆಮನೆಗೂ ಒಂದೊಂದು ಸಂಪ್ರದಾಯ. ಮಳೆಯ ನಾಡಿನಲ್ಲಿ ಕೊಡೆಗಳಿಗೆ ಆಯುಷ್ಯ ಕಡಿಮೆ. ಬಟ್ಟೆ ಹರಿದು ಕಡ್ಡಿ ಮುರಿದ ಮೇಲೂ ನಡುವಣ ಕಬ್ಬಿಣದ ಕಾವು ಉಳಿಯುತ್ತದೆ. ಅದಕ್ಕೆ ಬಾಗಿದ ಹಿಡಿ ಬೇರೆ ಇರುವುದರಿಂದ ಒಲೆಯ ಬಳಿ ಅದಕ್ಕೆ ಎರಡನೆಯ ಜನ್ಮ ಪ್ರಾಪ್ತವಾಗುತ್ತದೆ. ಗಾಡಿ ಮುರಿದ ಮನೆಯಲ್ಲಿ ಕಡಾಣಿ, ಕಿಟಕಿ ಬದಲಿಸಿದ ಮನೆಯಲ್ಲಿ ಸರಳು, ಪೀಪಾಯಿ ಕಳಚಿದ ಮನೆಯಲ್ಲಿ ಅದರ ಕಬ್ಬಿಣದ ಪಟ್ಟಿ. ಪಟ್ಟಿಯನ್ನು ನಡುವೆ ಬಗ್ಗಿಸಿದರೆ ಅದೇ ಇಕ್ಕಳ. ಕಬ್ಬಿಣವಿಲ್ಲದಿದ್ದರೆ ಹಸಿ ಬಿದಿರಿನ ಸೀಳೊಂದನ್ನು ತೆಗೆದುಕೊಂಡು, ನಡುಭಾಗವನ್ನು ತೆಳುವಾಗಿ ಕೆತ್ತಿ, ಕೆಂಡದ ಶಾಖಕ್ಕೆ ಹಿಡಿದು ಮೆಲ್ಲಗೆ ಬಗ್ಗಿಸುತ್ತಾರೆ. ಎರಡು ತುದಿಗಳೂ ತಾವಾಗಿಯೇ ಬಿಚ್ಚಿಕೊಳ್ಳುವ ಇಕ್ಕಳ ಸಿದ್ಧವಾಗುತ್ತದೆ. ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ತಿರುವಿ ಸುಡುವುದಕ್ಕೆ ಅದು ಕಬ್ಬಿಣದ್ದಕ್ಕಿಂತ ಹಗುರ. ಏನೂ ಇಲ್ಲದವರಿಗೆ ಹಸಿ ಕೋಲು. ಅದು ನಾಲ್ಕು ದಿನ ಕೆಂಡ ಕೆದಕಿ, ತುದಿ ಕರಿಕಾಗಿ, ಗಿಡ್ಡವಾಗುತ್ತ ಬಂದು, ಐದನೆಯ ದಿನ ತಾನೇ ಸೌದೆಯಾಗುತ್ತದೆ. ಹೀಗೆ ಅಳಿದೂ ಉಪಕಾರ ಮಾಡುವ ಉಪಕರಣ ಬೇರೆ ಯಾವ ಕಸುಬಿನಲ್ಲಿದೆ?

ಈ ಕೋಲು ಮಾಡುವ ಕೆಲಸವೇನೆಂದು ಕೇಳಿದರೆ, ಇಂದಿನ ಗ್ಯಾಸ್ ಒಲೆಯ ತಿರುಪು ಮಾಡುವ ಕೆಲಸವನ್ನೇ. ಅಕ್ಕಿ ಕುದಿಯುವ ತನಕ ಕೊಳ್ಳಿಗಳನ್ನು ಮುಂದೂಡಿ ಉರಿಯೆಬ್ಬಿಸಬೇಕು. ಕುದಿ ಬಂದೊಡನೆ ಕೊಳ್ಳಿಗಳನ್ನು ಹಿಂದಕ್ಕೆಳೆದು, ಕೆಂಡವನ್ನು ಮಾತ್ರ ಪಾತ್ರೆಯ ಕೆಳಗೆ ಹರಡಬೇಕು. ಆಮೇಲೆ ಹತ್ತಾರು ಕೆಂಡಗಳನ್ನು ಪಕ್ಕದ ಕೋಡೊಲೆಗೆ ಎಳೆದು ಅಲ್ಲಿ ಹಾಲಿನ ಪಾತ್ರೆಯನ್ನಿಡಬೇಕು. ಹೊಗೆಯಿಲ್ಲದ ಆ ಹದವಾದ ಶಾಖಕ್ಕೆ ಹಾಲು ಉಕ್ಕದೆ ಮಧ್ಯಾಹ್ನದ ತನಕ ಕಾಯ್ದು ದಪ್ಪ ಕೆನೆ ಕಟ್ಟುತ್ತದೆ. ಉಳಿದ ಕೆಂಡದಲ್ಲಿ ಬದನೆಕಾಯಿ ಸುಟ್ಟರೆ ಗೊಜ್ಜು. ಕೊನೆಗೆ ಬಿಸಿಬೂದಿಯೊಳಗೆ ಹಲಸಿನ ಬೀಜಗಳನ್ನು ಹೂತಿಟ್ಟರೆ ಸಾಯಂಕಾಲ ಶಾಲೆಯಿಂದ ಬಂದ ಮಕ್ಕಳಿಗೆ ತಿಂಡಿ. ಒಂದೇ ಸಲ ಹೊತ್ತಿಸಿದ ಬೆಂಕಿ ಹೀಗೆ ಮೂರು ನಾಲ್ಕು ಕೆಲಸಗಳಿಗೆ ಹಂಚಿಹೋಗುವುದು ಕೋಲಿನ ತುದಿಯಿಂದ.

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೊರಳುವ ದಾರಿಯಲ್ಲಿ ಕುಪ್ಪಳಿ ಸಿಕ್ಕುತ್ತದೆ. ಕುವೆಂಪು ಅವರು ಬೆಳೆದ ಮನೆ ಇಂದು ‘ಕವಿಮನೆ’ಯಾಗಿ ಪ್ರವಾಸಿಗಳನ್ನು ಬರಮಾಡಿಕೊಳ್ಳುತ್ತಿದೆ. ಹಳೆಯ ಮಲೆನಾಡ ಮನೆಯ ಬಳಕೆಯ ವಸ್ತುಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ಅದನ್ನು ನೋಡಿ ಹೊರಬಂದವರು ಹತ್ತಿರದ ಯಾವುದಾದರೂ ಅಡಿಕೆ ಬೆಳೆಗಾರರ ಮನೆಯನ್ನು ಸುಗ್ಗಿಯ ಕಾಲದಲ್ಲಿ ಹೊಕ್ಕರೆ ಒಲೆಯೆಂಬುದು ಎಷ್ಟು ದೊಡ್ಡದಾಗಬಲ್ಲುದೆಂಬುದನ್ನು ಕಾಣುತ್ತಾರೆ. ಘಟ್ಟದ ಮೇಲಿನ ಅಡಿಕೆಯನ್ನು ಹಸಿಯಾಗಿಯೇ ಕೊಯ್ದು, ಮೆಟ್ಟುಗತ್ತಿಯಲ್ಲಿ ಸುಲಿದು, ಚೊಗರು ಬೆರೆಸಿದ ನೀರಿನಲ್ಲಿ ದೊಡ್ಡ ಹಂಡೆಗಳಲ್ಲಿ ಬೇಯಿಸುವುದು ರೂಢಿ. ಆ ಹಂಡೆಯ ಕೆಳಗಿನ ಒಲೆಗೆ ಅಡುಗೆಮನೆಯ ಕೋಲು ಸಾಲದು. ಒಲೆಯ ಬಾಯಿಯ ಮುಂದೆ ಮುಖವಿಟ್ಟು ನಿಲ್ಲುವುದೂ ಸಾಧ್ಯವಿಲ್ಲ. ಅಲ್ಲಿ ಸವೆದ ಗುದ್ದಲಿಯ ತಲೆಗೆ ಆಳುದ್ದದ ಕಾವು ಹಾಕಿಕೊಂಡು ಕೆಂಡವನ್ನು ಮುಂದಕ್ಕೆ ಎಳೆಯುತ್ತಾರೆ. ಕವಲೊಡೆದ ಉದ್ದನೆಯ ಹಸಿ ಕೊಂಬೆಯಿಂದ ಕುಂಟೆಗಳನ್ನು ಒಳಕ್ಕೆ ನೂಕುತ್ತಾರೆ. ಕೊಂಬೆ ಹೊತ್ತಿಕೊಳ್ಳದಂತೆ ಆಗಾಗ ಅದರ ತುದಿಯನ್ನು ನೀರಿಗೆ ಅದ್ದುತ್ತಾರೆ. ಹೊಲದಲ್ಲಿ ಸೇವೆ ಮುಗಿಸಿದ ಗುದ್ದಲಿಗೆ ಬೆಂಕಿಯ ಬಳಿ ಮತ್ತೆ ಕೆಲಸ ಸಿಕ್ಕುತ್ತದೆ.

ತೀರ್ಥಹಳ್ಳಿಗೆ ಹಿಂದಿರುಗಿ ಪಶ್ಚಿಮಕ್ಕೆ ಹೊರಟರೆ ಆಗುಂಬೆ. ಅಲ್ಲಿಂದ ಹದಿನಾಲ್ಕು ತಿರುವುಗಳ ಘಟ್ಟವಿಳಿದು ಸೋಮೇಶ್ವರ, ಹೆಬ್ರಿಗಳನ್ನು ಹಾಯ್ದು ಉಡುಪಿಯನ್ನು ಸೇರಬಹುದು. ಒಂದೂವರೆ ಎರಡು ಗಂಟೆಯ ಪ್ರಯಾಣದಲ್ಲಿ ಅಡಿಕೆಯ ಸಂಸ್ಕಾರವೇ ಬದಲಾಗುತ್ತದೆ. ಮೇಲೆ ಬೇಯಿಸುತ್ತಿದ್ದ ಅಡಿಕೆಯನ್ನು ಕೆಳಗೆ ಬಿಸಿಲಿನಲ್ಲಿಯೇ ಒಣಗಿಸಿ ಚಾಲಿ ಮಾಡುತ್ತಾರೆ. ಬೆಂಕಿಯ ಕೆಲಸವನ್ನು ಸೂರ್ಯನಿಗೆ ಒಪ್ಪಿಸಿದರೂ ಕರಾವಳಿಯವರು ಸೌದೆಯ ಮರ್ಯಾದೆಯನ್ನು ಮರೆತಿಲ್ಲ. ಉಡುಪಿಯ ಅಷ್ಟಮಠಗಳಿಗೆ ಎರಡು ವರ್ಷಕ್ಕೊಮ್ಮೆ ಸರದಿಯಂತೆ ಬರುವ ಪರ್ಯಾಯಕ್ಕೆ ಮುನ್ನ ನಾಲ್ಕು ಮುಹೂರ್ತಗಳು ನಡೆಯುತ್ತವೆ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಅನ್ನದ ಸಾಲಿನಲ್ಲಿ ಕಟ್ಟಿಗೆಗೂ ಒಂದು ಮುಹೂರ್ತವಿರುವುದನ್ನು ಗಮನಿಸಬೇಕು. ಮಧ್ವಸರೋವರದ ಬಳಿ ಸೌದೆಯನ್ನು ರಥದ ಆಕಾರದಲ್ಲಿ ಒಟ್ಟಿರುವುದನ್ನು ನೋಡಿದ ಪ್ರವಾಸಿ ಅದನ್ನು ಮೊದಲಿಗೆ ಗುಡಿಯೆಂದೇ ಭ್ರಮಿಸುವುದುಂಟು.

ಈ ಸೀಮೆಯ ಮದುವೆ ಮುಂಜಿಗಳ ಊಟದ ಹಿಂದಿರುವ ಬಾಣಸಿಗರ ಕೈಚಳಕವೂ ನೋಡತಕ್ಕದ್ದೇ. ಹಿತ್ತಿಲಿನಲ್ಲಿ ಹೂಡಿದ ಒಲೆಗಳ ಸಾಲಿನ ಮುಂದೆ ಅವರು ಯಾವ ಗಡಿಯಾರವನ್ನೂ ನೋಡುವುದಿಲ್ಲ. ಸಾರಿಗೆ ಉರಿ, ಪಾಯಸಕ್ಕೆ ಕೆಂಡ. ಒಂದು ಒಲೆಯಲ್ಲಿ ಕೆಂಡ ಹೆಚ್ಚಾದರೆ ಸೌದೆಯ ಚಕ್ಕೆಯೊಂದನ್ನೇ ಗೋರೆಯಂತೆ ಹಿಡಿದು ಇನ್ನೊಂದಕ್ಕೆ ಸಾಗಿಸುತ್ತಾರೆ. ಚಕ್ಕೆ ಹೊತ್ತಿಕೊಂಡರೆ ಚಿಂತೆಯಿಲ್ಲ. ಅದನ್ನೂ ಒಲೆಗೆ ಹಾಕಿ ಇನ್ನೊಂದನ್ನು ತೆಗೆದುಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಲೆಯ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಊದುಗೊಳವೆಯ ಇನ್ನೊಂದು ತುದಿಯಲ್ಲಿದ್ದುದು ಒಬ್ಬ ಹೆಂಗಸಿನ ಉಸಿರು. ನಸುಕಿನಿಂದ ರಾತ್ರಿಯವರೆಗೆ ಹೊಗೆ ತುಂಬಿದ ಕೋಣೆಯಲ್ಲಿ ಕುಳಿತು ಊದಿದವಳ ಕಣ್ಣು ಕೆಂಪಾಯಿತು, ಎದೆ ಕೆಮ್ಮಿತು. ಮಗ್ಗುಲಲ್ಲಿ ಮಲಗಿದ್ದ ಕೂಸು ಅದೇ ಹೊಗೆಯನ್ನು ಉಸಿರಾಡಿತು. ಸೌದೆ ಬೆರಣಿ ಇದ್ದಲುಗಳಂಥ ಇಂಧನಗಳಿಂದ ಮನೆಯೊಳಗೆ ಸೇರುವ ಹೊಗೆಯ ದೆಸೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಅಕಾಲ ಮರಣಕ್ಕೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಯುದ್ಧದ ಸಾವುಗಳಂತೆ ಇವು ಸುದ್ದಿಯಾಗಲಿಲ್ಲ. ಅಡುಗೆಮನೆಯಲ್ಲಿ ಆದುದು ಅಡುಗೆಮನೆಯಲ್ಲಿಯೇ ಉಳಿಯಿತು.

ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂದು ಭಾವಿಸುವುದೂ ತಪ್ಪು. ಮಲೆನಾಡಿನ ಚಳಿಮಳೆಗಳಲ್ಲಿ ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆಯಿಡುವುದು ಹಳೆಯ ರೂಢಿ. ಕೆಂಡ ಹೊಗೆಯಾಡುವುದಿಲ್ಲ, ಬೆಚ್ಚಗಿರುತ್ತದೆ; ಆದುದರಿಂದ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚುತ್ತಾರೆ. ಆದರೆ ಗಾಳಿ ಸಾಲದಾದಾಗ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಅದನ್ನು ಅಪ್ಪಿಕೊಳ್ಳುತ್ತದೆ. ಮಲಗಿದವರು ಏಳದೆ ಹೋಗುವುದು ಹೀಗೆ. ಇಂದಿಗೂ ಚಳಿಗಾಲದಲ್ಲಿ ಕೋಣೆಯೊಳಗೆ ಕೆಂಡವಿಟ್ಟುಕೊಂಡು ಮಲಗುವವರು ಯಾರಾದರೂ ಇದ್ದರೆ ಅವರಿಗೆ ಈ ಮಾತನ್ನು ತಪ್ಪದೆ ತಿಳಿಸಬೇಕು. ಕೆಂಡವಿದ್ದ ಕೋಣೆಗೆ ತೆರೆದ ಕಿಟಕಿ ಇರಲೇಬೇಕು. ಮಲಗುವ ಮುನ್ನ ಕೆಂಡ ಹೊರಗೆ ಹೋಗಲೇಬೇಕು.

ಒಲೆಯನ್ನೇ ತಿದ್ದಿದರೆ ಊದುವ ಕಷ್ಟವೇ ಇರುವುದಿಲ್ಲವಲ್ಲ ಎಂಬ ಆಲೋಚನೆ ನಮ್ಮ ನಾಡಿನಲ್ಲಿಯೇ ಫಲಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಅದರ ವಿಜ್ಞಾನಿಗಳು ಹಳ್ಳಿಯ ಒಲೆಯ ಮುಂದೆ ಕುಳಿತು ಅದರ ಗುಣದೋಷಗಳನ್ನು ಅಳೆದರು. ಸಾಮಾನ್ಯ ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದುದೆಲ್ಲ ಗಾಳಿಯ ಪಾಲು, ಗೋಡೆಯ ಪಾಲು. 1980ರ ದಶಕದಲ್ಲಿ ಬಳಕೆಗೆ ಬಂದ ‘ಅಸ್ತ್ರ ಒಲೆ’ಯಲ್ಲಿ ಬೆಂಕಿಯ ಗೂಡನ್ನು ಮುಚ್ಚಿ, ಕೆಳಗೆ ಜಾಲರಿಯಿಟ್ಟು, ಹೊಗೆಗೆ ಕೊಳವೆ ಕಟ್ಟಿದರು. ಬೂದಿ ತಾನಾಗಿಯೇ ಕೆಳಗೆ ಉದುರುತ್ತದೆ. ಗಾಳಿ ತಾನಾಗಿಯೇ ಕೆಳಗಿನಿಂದ ಕೆಂಡಕ್ಕೆ ಬರುತ್ತದೆ. ಹೊಗೆ ತಾನಾಗಿಯೇ ಮಾಡಿನಾಚೆಗೆ ಹೋಗುತ್ತದೆ. ಅಜ್ಜಿಯ ಎರಡು ಮಾತುಗಳನ್ನು, ಬೂದಿ ಕೆದರು, ಬುಡಕ್ಕೆ ಊದು ಎಂಬುದನ್ನು, ಒಲೆಯೇ ಕಲಿತುಕೊಂಡಂತಾಯಿತು.

ಆಮೇಲೆ ಅನಿಲದ ಸಿಲಿಂಡರು ಹಳ್ಳಿಗಳನ್ನು ಹೊಕ್ಕಿತು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆ ಬಡ ಗೃಹಿಣಿಯರ ಹೆಸರಿಗೇ ಅನಿಲದ ಸಂಪರ್ಕ ಕೊಟ್ಟಿತು. ಇಂದು ಮಲೆನಾಡಿನ ಬಹಳಷ್ಟು ಅಡುಗೆಮನೆಗಳ ಗೋಡೆಗಳು ಬೆಳ್ಳಗಾಗಿವೆ. ಇದಕ್ಕಾಗಿ ದುಃಖಿಸುವವನು ಒಮ್ಮೆ ಒಲೆಯ ಮುಂದೆ ಕುಳಿತು ಮಳೆಗಾಲದ ಸೌದೆಯನ್ನು ಊದಿ ನೋಡಬೇಕು.

ಹಾಗಾದರೆ ಆ ಪರಿವಾರವೆಲ್ಲ ಎಲ್ಲಿಗೆ ಹೋಯಿತು? ಅಡುಗೆಮನೆಯಿಂದ ಹೊರಬಿದ್ದ ಊದುಗೊಳವೆ, ಕೊಡೆಯ ಕಾವು, ಹಂಚಿನ ಚೂರುಗಳು ಹಿತ್ತಿಲ ಕಡೆಗೆ ನಾಲ್ಕು ಹೆಜ್ಜೆಯಿಟ್ಟು ಬಚ್ಚಲುಮನೆಯಲ್ಲಿ ಬಿಡಾರ ಹೂಡಿವೆ. ಅನಿಲದಲ್ಲಿ ಅನ್ನ ಬೇಯಿಸುವ ಮನೆಯೂ ಸ್ನಾನದ ಹಂಡೆಗೆ ಸೌದೆಯನ್ನೇ ನಂಬಿದೆ. ತೋಟದಲ್ಲಿ ದಿನವೂ ಉದುರುವ ಹಾಳೆ, ತೆಂಗಿನ ಮಡಲು, ಸಿಪ್ಪೆ, ಗರಟೆಗಳು ಕಾಸಿಲ್ಲದೆ ಸಿಕ್ಕುವಾಗ ಬಿಸಿನೀರಿಗೆ ದುಡ್ಡು ಸುಡುವವರು ಯಾರು? ದೀಪಾವಳಿಯ ನೀರು ತುಂಬುವ ಹಬ್ಬದಂದು ಆ ಹಂಡೆಯನ್ನು ತೊಳೆದು, ಬೆಳಗಿ, ಬಳ್ಳಿ ಸುತ್ತಿ ಪೂಜಿಸುತ್ತಾರೆ. ಬಚ್ಚಲೊಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಹೊರಗಡೆಗಿರುವುದರಿಂದ ಹೊಗೆಯ ಕಾಟವೂ ಕಡಿಮೆ. ಮುಂಜಾನೆ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಕೈ ಕಾಯಿಸಿಕೊಳ್ಳುತ್ತ, ಕೋಲಿನಿಂದ ಕೆಂಡ ಕೆದರುವ ಸುಖಕ್ಕೆ ಈಗ ಮನೆಯ ಗಂಡಸರೂ ಪೈಪೋಟಿ ನಡೆಸುತ್ತಾರೆ. ಅಡುಗೆಮನೆಯಲ್ಲಿ ದುಡಿಮೆಯಾಗಿದ್ದುದು ಇಲ್ಲಿ ವಿನೋದವಾಗಿದೆ.

ಹಳೆಯ ಹಿತ್ತಾಳೆಯ ಪಾತ್ರೆಗಳನ್ನೂ ಕೆತ್ತನೆಯ ಕಂಬಗಳನ್ನೂ ಉಳಿಸುವುದಕ್ಕೆ ನಮ್ಮಲ್ಲಿ ಪುಣ್ಯಾತ್ಮರಿದ್ದಾರೆ. ಕುಪ್ಪಳಿಯಲ್ಲಿ ಆ ಕೆಲಸ ನಡೆದಿದೆ. ಉಡುಪಿಯ ಮಗ್ಗುಲಲ್ಲಿರುವ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇಡೀ ಇಡೀ ಮನೆಗಳನ್ನೇ ತಂದು ನಿಲ್ಲಿಸಿ ಹಸ್ತಶಿಲ್ಪ ಪರಂಪರೆ ಗ್ರಾಮವನ್ನು ಕಟ್ಟಿದರು. ಆದರೆ ಐದನೆಯ ದಿನ ತಾನೇ ಸೌದೆಯಾಗುವ ಹಸಿ ಕೋಲನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿಡುವುದು? ಅದರಲ್ಲಿ ಉಳಿಸತಕ್ಕದ್ದು ಕೋಲಲ್ಲ, ಅದನ್ನು ಹಿಡಿದ ಕೈಯ ತಿಳಿವಳಿಕೆ. ಮುರಿದುದನ್ನು ಎಸೆಯುವ ಮುನ್ನ ಇದಕ್ಕೆ ಇನ್ನೊಂದು ಕೆಲಸವುಂಟೆ ಎಂದು ಕೇಳುವ ಬುದ್ಧಿ, ಬಣ್ಣ ನೋಡಿ ಶಾಖ ಅಳೆಯುವ ಕಣ್ಣು, ಒಂದೇ ಬೆಂಕಿಯನ್ನು ನಾಲ್ಕು ಕೆಲಸಗಳಿಗೆ ಹಂಚುವ ಮಿತವ್ಯಯ.

ಆ ತಿಳಿವಳಿಕೆಯನ್ನು ಹೊತ್ತವರು ಇನ್ನೂ ನಮ್ಮ ನಡುವೆ ಇದ್ದಾರೆ. ಪೇಟೆಯ ಮಗನ ಮನೆಯ ಮೂರನೆಯ ಅಂತಸ್ತಿನಲ್ಲಿ ಕುಳಿತು ಟೆಲಿವಿಷನ್ ನೋಡುತ್ತಿರುವ ಎಷ್ಟೋ ಅಜ್ಜಿಯರಿಗೆ ರಾತ್ರಿ ಕೆಂಡ ಮುಚ್ಚುವ ಹದ ಗೊತ್ತಿದೆ. ಬೇಸಗೆಯ ರಜೆಗೆ ಊರಿಗೆ ಹೋಗುವ ಕುಟುಂಬಗಳು ಮಕ್ಕಳನ್ನು ಒಂದು ಬೆಳಗ್ಗೆ ಆ ಅಜ್ಜಿಯ ಜೊತೆಗೆ ಬಚ್ಚಲೊಲೆಯ ಮುಂದೆ ಕೂರಿಸಲಿ. ಕೈಗೊಂದು ಕೋಲನ್ನು ಕೊಡಲಿ. ನಾಲ್ಕು ಹಲಸಿನ ಬೀಜಗಳನ್ನು ಬೂದಿಯಲ್ಲಿ ಹೂಳಲು ಹೇಳಲಿ. ಅವು ‘ಚಟ್’ ಎಂದು ಸಿಡಿಯುವ ಹೊತ್ತಿಗೆ ಹಂಡೆಯ ನೀರೂ ಕಾಯ್ದಿರುತ್ತದೆ.